ಹತ್ತನೆಯ ಮಗು

ಮಾರ್ಚ್ ೯

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆಯ ನಮಸ್ಕಾರ. ಪಿಟೀಲು ಮಗಳೇ, ಇದನ್ನು ಅಜ್ಜಿಗೆ ನಿಧಾನವಾಗಿ ಓದಿ ಹೇಳು. ಅಜ್ಜಿಯ ಕೈಯಲ್ಲಿ ಬಟ್ಟೆ ಇದ್ದರೆ ಅವರು ಅದನ್ನು ಕೆಳಗಿಡುವವರೆಗೆ ಕಾದಿರು.

ನಾನು ಚೆನ್ನಾಗಿದ್ದೇನೆ. ಚಳಿಗಾಲದ ಕೆಮ್ಮು ಹೋಯಿತು. ನೀವು ಹೊಲಿದು ಕಳಿಸಿದ ತೋಳಿಲ್ಲದ ದಪ್ಪ ಅಂಗಿಯನ್ನು ದಿನವೂ ಹಾಕಿಕೊಳ್ಳುತ್ತೇನೆ. ಜೊತೆಯಲ್ಲಿ ಕೆಲಸ ಮಾಡುವವಳು ಅದರ ಗುಂಡಿಯ ಕಾಜಾಗಳನ್ನು ತಿರುಗಿಸಿ ನೋಡಿ, "ಇದು ಮೆಷಿನ್ನಿಂದಾ, ಕೈಯದಾ?" ಎಂದು ಕೇಳಿದಳು. "ನಮ್ಮತ್ತೆ ಕೈಯದು" ಎಂದೆ. ಅದನ್ನು ಹೇಳುವಾಗ ನನ್ನ ಕತ್ತು ಒಂದು ಗೇಣು ಉದ್ದವಾಯಿತು ಎಂದು ಅವಳು ನಕ್ಕಳು.

ಅಲ್ಲಿ ಜನ ಹೇಗಿದ್ದಾರೆ ಎಂದು ಕೇಳಿದ್ದಿರಿ. ಅತ್ತೆ, ಇಲ್ಲಿ ಜನವೇ ಇಲ್ಲ. ನನ್ನ ಕೋಣೆಯಿಂದ ನಾನು ಕೆಲಸ ಮಾಡುವ ವೃದ್ಧಾಶ್ರಮಕ್ಕೆ ನಡೆಯುವ ಬೀದಿಯಲ್ಲಿ ನಲವತ್ತೊಂದು ಮನೆಗಳಿವೆ. ಸಂಜೆ ದೀಪ ಹತ್ತುವುದು ಒಂಬತ್ತರಲ್ಲಿ. ಉಳಿದವುಗಳ ಬೀಗಕ್ಕೆ ತುಕ್ಕು ಹಿಡಿದಿದೆ. ಆಟದ ಸಾಮಾನಿನ ಅಂಗಡಿಯಲ್ಲಿ ಈಗ ಊರುಗೋಲು ಮಾರುತ್ತಾರೆ. ಕ್ಷೌರದವರು ವಾರಕ್ಕೆ ಎರಡು ದಿನ ಮಾತ್ರ ಬಾಗಿಲು ತೆಗೆಯುತ್ತಾರೆ. ಬಸ್ಸು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ. ಒಳಗೆ ಡ್ರೈವರ್ ಒಬ್ಬರೇ ಇರುತ್ತಾರೆ. ನಾನು ಹತ್ತಿದರೆ ಅವರಿಗೆ ನೆಂಟರು ಬಂದಷ್ಟು ಸಂತೋಷ.

ಆಶ್ರಮದಲ್ಲಿ ಇಪ್ಪತ್ತಾರು ಅಜ್ಜ ಅಜ್ಜಿಯರಿದ್ದಾರೆ. ಎಲ್ಲರಿಗಿಂತ ಚಿಕ್ಕವರಿಗೆ ಎಪ್ಪತ್ತೊಂಬತ್ತು. ಆರು ಜನ ನನ್ನ ಪಾಲಿಗೆ. ಎಬ್ಬಿಸುವುದು, ಮೀಯಿಸುವುದು, ಉಗುರು ಕತ್ತರಿಸುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು. ಈ ಕಟ್ಟಡ ಮೊದಲು ಹೆರಿಗೆ ಆಸ್ಪತ್ರೆಯಾಗಿತ್ತಂತೆ. ಒಬ್ಬ ಅಜ್ಜಿ ತಾವು ಮೂರು ಮಕ್ಕಳನ್ನು ಹೆತ್ತ ಕೋಣೆಯಲ್ಲೇ ಈಗ ಮಲಗಿದ್ದಾರೆ. "ಆಗ ಮಕ್ಕಳು ಮಲಗೋಕೆ ಬಿಡ್ತಿರಲಿಲ್ಲ. ಈಗ ಯಾರೂ ಎಬ್ಬಿಸಲ್ಲ, ಆದ್ರೂ ನಿದ್ದೆ ಬರಲ್ಲ ನೋಡು" ಎನ್ನುತ್ತಾರೆ.

ಗಡಿಯಾರ ರಿಪೇರಿ ಮಾಡುತ್ತಿದ್ದ ಅಜ್ಜ ಒಬ್ಬರಿದ್ದಾರೆ. ತೊಂಬತ್ತಮೂರು ವರ್ಷ. ಮಗಳ ಹೆಸರೇನು ಎಂದು ಕೇಳಿದರು. ಮನೆಯಲ್ಲಿ ಕರೆಯುವ ಹೆಸರನ್ನೇ ಹೇಳಿದೆ. ಹುಟ್ಟಿದ ದಿನ ಅವಳು ಎಳೆದೆಳೆದು ಅತ್ತಿದ್ದಕ್ಕೆ ಅವಳ ಅಪ್ಪ ಪಿಟೀಲು ಎಂದು ಕರೆದರು, ಅದೇ ಉಳಿದುಕೊಂಡಿತು ಎಂದೆ. ಈಗ ದಿನಾ ಬೆಳಿಗ್ಗೆ "ಪಿಟೀಲು ಹೇಗಿದೆ? ಶ್ರುತಿ ಸರಿ ಇದೆಯಾ?" ಎಂದು ಕೇಳುತ್ತಾರೆ.

ನೀವು ನನ್ನ ಮಗಳನ್ನು ನೋಡಿಕೊಳ್ಳುತ್ತಿರುವುದರಿಂದ ನಾನು ಇವರನ್ನು ನೋಡಿಕೊಳ್ಳಲು ಆಗುತ್ತಿದೆ. ಇವರ ಮಕ್ಕಳು ನನಗೆ ಥ್ಯಾಂಕ್ಸ್ ಹೇಳಿದಾಗಲೆಲ್ಲ, ಅದರಲ್ಲಿ ಅರ್ಧ ನಿಮಗೆ ಸೇರಬೇಕು ಎಂದುಕೊಳ್ಳುತ್ತೇನೆ.

ನಿಮ್ಮ ಸೊಸೆ

*

ಏಪ್ರಿಲ್ ೨

ಸೊಸೆಗೆ ಅತ್ತೆಯ ಆಶೀರ್ವಾದ.

(ಅಮ್ಮ, ಅಜ್ಜಿ ಹೇಳಿದ್ದನ್ನ ಹೇಳಿದ ಹಾಗೇ ಬರೀತೀನಿ. ಬ್ರಾಕೆಟ್ ಒಳಗಿರೋದು ಮಾತ್ರ ನಂದು. ಪಿಟೀಲು.)

ನಿನ್ನ ಕಾಗದ ಬಂತು. ಜನ ಇಲ್ಲದ ಊರು ಅಂತ ಬರೆದಿದೀಯ. ಇಲ್ಲಿಂದ ಒಂದು ಬೀದಿ ಎತ್ತಿಕೊಂಡು ಹೋಗಮ್ಮ, ನಮಗೇನೂ ಬೇಜಾರಿಲ್ಲ. ನಿನ್ನ ಮೈದುನನಿಗೆ ನಾಲ್ಕನೇದು ಹುಟ್ಟಿತು. ಗಂಡು ಮಗು. ಎರಡು ಕೋಣೆಯಲ್ಲಿ ಈಗ ಹನ್ನೊಂದು ಜನ. ಆಸ್ಪತ್ರೇಲಿ ಒಂದು ಮಂಚಕ್ಕೆ ಇಬ್ಬರು ಬಾಣಂತಿಯರು, ಒಬ್ಬಳ ತಲೆ ಅತ್ತ, ಇನ್ನೊಬ್ಬಳದು ಇತ್ತ. ಮಗು ಅದಲು ಬದಲಾದೀತು ಅಂತ ನಾನು ನಮ್ಮದರ ಕಾಲಿಗೆ ಕಾಜಾದ ಕೆಂಪು ದಾರ ಕಟ್ಟಿ ಬಂದೆ. ನರ್ಸ್ ನೋಡಿ, "ಏನಜ್ಜಿ, ಮೂಟೆಗೆ ಗುರುತು ಹಾಕಿದಂಗೆ ಹಾಕಿದೀರಲ್ಲ" ಅಂದಳು. "ನಿಮ್ಮ ಗೋದಾಮು ಹಂಗಿದೆ, ನಾನೇನು ಮಾಡ್ಲಿ" ಅಂದೆ.

(ಅಜ್ಜಿ ನಿಜವಾಗಿ ಹಾಗೇ ಅಂದ್ರು. ನರ್ಸ್ ನಕ್ಕರು.)

ಇವಳ ಶಾಲೆ ಮೂರು ಪಾಳಿ ಆಗಿದೆ. ಬೆಳಿಗ್ಗೆ ಒಂದಷ್ಟು ಮಕ್ಕಳು, ಮಧ್ಯಾಹ್ನ ಒಂದಷ್ಟು, ಸಂಜೆ ಒಂದಷ್ಟು. ಇವಳದು ನಡುವಿನ ಪಾಳಿ. ಬೆಂಚು ಯಾವತ್ತೂ ತಣ್ಣಗಿರಲ್ಲವಂತೆ, ಮೊದಲಿನವರು ಎದ್ದ ಬಿಸಿ ಆರೋದ್ರೊಳಗೆ ಇವರು ಕೂರ್ತಾರೆ. ತರಗತೀಲಿ ಎಂಬತ್ನಾಲ್ಕು ಮಕ್ಕಳು.

(ಹಾಜರಿ ಕೂಗೋದ್ರಲ್ಲೇ ಅರ್ಧ ಪಿರಿಯಡ್ ಹೋಗುತ್ತೆ. ಹೋದ ವಾರ ಟೀಚರು ನನ್ನ ನೋಡಿ "ನೀನು ಹೊಸಬಳಾ?" ಅಂದ್ರು. ನಾನು ಒಂದು ವರ್ಷದಿಂದ ಎರಡನೇ ಬೆಂಚಲ್ಲಿ ಇದೀನಿ.)

ನನ್ನ ಕಣ್ಣು ಹೇಗಿದೆ ಅಂತ ನಿನಗೆ ಚಿಂತೆ ಇರುತ್ತೆ. ಕಾಜಾ ಹೊಲಿಯೋಕೆ ಕಣ್ಣು ಬೇಕಿಲ್ಲ, ಬೆರಳಿಗೇ ದಾರಿ ಗೊತ್ತು. ಸೂಜಿಗೆ ದಾರ ಹಾಕೋಕೆ ಮಾತ್ರ ಆಗಲ್ಲ. ಇವಳು ಶಾಲೆಗೆ ಹೋಗೋ ಮುಂಚೆ ಇಪ್ಪತ್ತೈದು ಸೂಜಿಗೆ ದಾರ ಹಾಕಿ ದಿಂಬಿಗೆ ಚುಚ್ಚಿಟ್ಟು ಹೋಗ್ತಾಳೆ. ಬಿಳಿ ಒಂದು ಸಾಲು, ಕಪ್ಪು ಒಂದು ಸಾಲು, ನೀಲಿ ಒಂದು ಸಾಲು. ಅವಳು ಬರೋ ಹೊತ್ತಿಗೆ ಸೂಜಿ ಮುಗಿದಿರ್ತವೆ. ಅದೇ ನನ್ನ ಗಡಿಯಾರ.

(ನಾನಿಲ್ಲದಿದ್ರೆ ಅಜ್ಜಿ ಕೆಲಸ ನಿಂತೇ ಹೋಗುತ್ತೆ. ಇದು ಜಂಬ ಅಲ್ಲ, ನಿಜ.)

ಉಣ್ಣು, ಮಲಗು, ಆ ಹಿರಿಯರನ್ನ ಎತ್ತುವಾಗ ಸೊಂಟ ಜೋಪಾನ.

ನಿನ್ನ ಅತ್ತೆ
(ಮತ್ತು ಪಿಟೀಲು)

*

ಮೇ ೫

ಪ್ರೀತಿಯ ಅತ್ತೆಯವರಿಗೆ,

ನಮಸ್ಕಾರ. ಹೊಸ ಮಗುವಿಗೆ ನನ್ನ ಮುತ್ತು. ಕಾಲಿನ ಕೆಂಪು ದಾರದ ಕಥೆಯನ್ನು ಇಲ್ಲಿ ಎಲ್ಲರಿಗೂ ಹೇಳಿದೆ. ಗಡಿಯಾರದಜ್ಜ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು, "ಈ ಊರಲ್ಲಿ ಮಗು ಹುಟ್ಟಿ ಮೂರು ವರ್ಷ ಆಯ್ತು" ಎಂದರು.

ಅತ್ತೆ, ಇದು ಮೂರು ಹಾಳೆಯ ಪತ್ರ, ಇಲ್ಲಿಂದ ಎರಡನೆಯ ಹಾಳೆ. ಮೊದಲನೆಯ ಹಾಳೆಯಲ್ಲಿ ನನ್ನ ಕ್ಷೇಮಸಮಾಚಾರವಿದೆ. ಉಳಿದ ಎರಡರಲ್ಲಿ ಒಂದು ವಿಷಯವಿದೆ. ಅದನ್ನು ಬರೆಯಲು ನಾಲ್ಕು ಭಾನುವಾರ ಕೂತೆ.

ಇಲ್ಲಿ ಒಂದು ಶಾಲೆ ಇದೆ. ಹಿಂದೆ ಮುನ್ನೂರು ಮಕ್ಕಳಿದ್ದರಂತೆ, ಈಗ ಒಂಬತ್ತು. ಹತ್ತು ಮಕ್ಕಳಾದರೂ ಇಲ್ಲದ ಶಾಲೆಯನ್ನು ಮುಚ್ಚಬೇಕೆಂದು ಆದೇಶ ಬಂದಿದೆ. ಜುಲೈ ಮೂವತ್ತೊಂದರೊಳಗೆ ಪಟ್ಟಿ ಕೊಡಬೇಕು, ಸೆಪ್ಟೆಂಬರ್ ಒಂದಕ್ಕೆ ಶಾಲೆ ಶುರು. ಶಾಲೆ ಮುಚ್ಚಿದರೆ ಆ ಒಂಬತ್ತು ಮಕ್ಕಳ ತಂದೆ ತಾಯಿಯರೂ ಊರು ಬಿಡುತ್ತಾರೆ. ಅವರಲ್ಲಿ ಬಸ್ ಡ್ರೈವರ್ ಒಬ್ಬರು, ನಮ್ಮ ಅಡುಗೆಯವಳೊಬ್ಬಳು. ಆಮೇಲೆ ಬಸ್ಸೂ ಇಲ್ಲ, ಆಶ್ರಮಕ್ಕೆ ಅಡುಗೆಯೂ ಇಲ್ಲ.

ಶಾಲೆಯ ಟೀಚರು ಸಂಜೆ ಹೊತ್ತು ಆಶ್ರಮಕ್ಕೆ ಬಂದು ಹಿರಿಯರಿಗೆ ಪೇಪರ್ ಓದಿ ಹೇಳುತ್ತಾರೆ. ಒಂದು ದಿನ ನನ್ನ ಪಕ್ಕ ಕೂತು, "ನಿಮಗೆ ಒಂಬತ್ತು ವರ್ಷದ ಮಗಳಿದಾಳಂತೆ. ಕೇಳೋಕೆ ನಂಗೆ ಹಕ್ಕಿಲ್ಲ. ಆದ್ರೂ ಕೇಳ್ತಿದೀನಿ" ಎಂದರು. ನಮ್ಮ ಮ್ಯಾನೇಜರು ಮಗಳನ್ನು ಈ ದೇಶಕ್ಕೆ ಕರೆಸಿಕೊಳ್ಳಲು ಅನುಮತಿ ಕೊಡಿಸಿದ್ದಾರೆ. ಎರಡು ಕೋಣೆಯ ಮನೆಯನ್ನೂ ತೋರಿಸಿದ್ದಾರೆ. ಅದರ ಕಿಟಕಿಯಿಂದ ಶಾಲೆಯ ಗೇಟು ಕಾಣುತ್ತದೆ. ನಿಮ್ಮೂರಿನಿಂದ ಒಬ್ಬ ನರ್ಸ್ ಆಗಸ್ಟ್ ಕೊನೆಗೆ ಇಲ್ಲಿಗೆ ಕೆಲಸಕ್ಕೆ ಬರುತ್ತಾರೆ, ಅವರ ಜೊತೆ ಪಿಟೀಲು ಬರಬಹುದು.

ನಾನು ಹೂಂ ಅನ್ನಲಿಲ್ಲ. ಎರಡು ವರ್ಷ ಅವಳನ್ನು ಸಾಕಿದವರು ನೀವು. ಕಾಗದಪತ್ರಗಳಲ್ಲಿ ಪೋಷಕರು ಎಂದಿರುವುದೂ ನೀವೇ. ಒಪ್ಪಿಗೆಯ ಕಾಗದ ಇದರ ಜೊತೆ ಇಟ್ಟಿದ್ದೇನೆ. ನೀಲಿ ಸೀಲು ಇರುವ ಕಡೆ ನಿಮ್ಮ ಹೆಬ್ಬೆಟ್ಟು ಬೇಕು. ನಿಮಗೆ ಮನಸ್ಸು ಬಂದರೆ ಮಾತ್ರ.

ನನಗೆ ಅವಳನ್ನು ನೋಡಬೇಕು ಅನ್ನಿಸುತ್ತದೆ. ಹೋದ ತಿಂಗಳು ಒಬ್ಬ ಅಜ್ಜಿಗೆ ಜಡೆ ಹಾಕುತ್ತಿದ್ದೆ. ಪಿಟೀಲಿನ ಕೂದಲು ಈಗ ಎಷ್ಟು ಉದ್ದವಿದೆ ಎಂಬುದು ನನ್ನ ಕೈಗೆ ಗೊತ್ತಿಲ್ಲ ಎಂದು ಆಗ ಹೊಳೆಯಿತು. ಅಷ್ಟೇ ಅತ್ತೆ. ಇದಕ್ಕಿಂತ ಹೆಚ್ಚು ಬರೆದರೆ ನಿಮ್ಮನ್ನು ಒತ್ತಾಯ ಮಾಡಿದಂತಾಗುತ್ತದೆ.

ನಿಮ್ಮ ಸೊಸೆ

*

ಜೂನ್ ೧

ಸೊಸೆಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಬಂತು. ನೀನು ಚೆನ್ನಾಗಿರೋದು ಕೇಳಿ ಸಂತೋಷ. ಆ ಗಡಿಯಾರದಜ್ಜನಿಗೆ ನನ್ನ ನಮಸ್ಕಾರ ತಿಳಿಸು. ಮಗು ಚೆನ್ನಾಗಿದೆ. ನಲ್ಲಿ ನೀರು ಈಗ ದಿನ ಬಿಟ್ಟು ದಿನ ಬರುತ್ತೆ. ಟೈಲರ್ ಮಾಸ್ಟರ್ ಶಾಲೆ ಸಮವಸ್ತ್ರದ ದೊಡ್ಡ ಆರ್ಡರ್ ಹಿಡಿದಿದಾರೆ, ನನಗೆ ಆರುನೂರು ಅಂಗಿ ಕಾಜಾ ಕೊಟ್ಟಿದಾರೆ. ಸೂಜಿ ದಿನಕ್ಕೆ ನಲವತ್ತು ಬೇಕು. ಪಿಟೀಲು ಹಾಕಿಕೊಡ್ತಾಳೆ. ಅವಳು ಇಲ್ಲಿ ತುಂಬ ಚೆನ್ನಾಗಿದಾಳೆ. ತುಂಬ ಖುಷಿಯಾಗಿದಾಳೆ. ಇನ್ನೇನೂ ವಿಶೇಷ ಇಲ್ಲ.

ನಿನ್ನ ಅತ್ತೆ

*

ಜೂನ್ ೨೪

ಪ್ರೀತಿಯ ಅತ್ತೆಯವರಿಗೆ,

ನಮಸ್ಕಾರ. ನಿಮ್ಮ ಪತ್ರ ಬಂತು. ಅದರಲ್ಲಿ ನನ್ನ ಮಾತಿಗೆ ಉತ್ತರ ಇರಲಿಲ್ಲ, ಪಿಟೀಲಿನ ಬ್ರಾಕೆಟ್ಟೂ ಇರಲಿಲ್ಲ. ಇಬ್ಬರಿಗೂ ಬೇಸರವಾಗಿದೆ ಎಂದು ತಿಳಿದುಕೊಂಡೆ.

ಮೈದುನರ ಫೋನಿಗೆ ಕರೆ ಮಾಡಬಹುದಿತ್ತು. ಆದರೆ ಮನೆಯವರೆಲ್ಲ ಸುತ್ತ ನಿಂತಿರುವಾಗ ನೀವು ಜೋರಾಗಿ "ಇಲ್ಲ" ಅನ್ನಬೇಕಾಗಿ ಬಂದರೆ ನಿಮಗೆ ಕಷ್ಟ, ಕೇಳಿಸಿಕೊಳ್ಳುವ ನನಗೂ ಕಷ್ಟ. ಪತ್ರವೇ ವಾಸಿ ಎನ್ನಿಸಿತು.

ನಾನು ಕೇಳಿದ್ದು ತಪ್ಪು. ಎರಡು ವರ್ಷ ನೀವು ಜ್ವರ, ಹಲ್ಲುನೋವು, ಹೋಮ್‌ವರ್ಕು ಎಲ್ಲ ನೋಡಿಕೊಂಡಿರಿ. ಈಗ ನಾನು ಎರಡು ಹಾಳೆ ಬರೆದು, ಕೊಡಿ ಎಂದುಬಿಟ್ಟೆ. ಸಾಮಾನು ವಾಪಸ್ ಕೇಳಿದ ಹಾಗೆ ಆಯಿತು. ಹಾಗೆ ಅಂದುಕೊಂಡು ಕೇಳಿದ್ದಲ್ಲ ಅತ್ತೆ.

ಜುಲೈ ಮೂವತ್ತೊಂದಕ್ಕೆ ಟೀಚರಿಗೆ ಇಲ್ಲ ಎಂದು ಹೇಳುತ್ತೇನೆ. ಅವರು ಬೇಸರ ಮಾಡಿಕೊಳ್ಳುವುದಿಲ್ಲ. ನಿನ್ನೆಯೂ ಕಿಟಕಿ ಗಾಜು ಒರೆಸುತ್ತಿದ್ದರು. ಮುಚ್ಚುವ ಶಾಲೆಯ ಗಾಜನ್ನು ಯಾಕೆ ಒರೆಸುತ್ತೀರಿ ಎಂದು ಅಡುಗೆಯವಳು ಕೇಳಿದಳು. "ಒಂಬತ್ತು ಮಕ್ಕಳು ಇನ್ನೂ ಹೊರಗೆ ನೋಡ್ತಾರಲ್ಲ" ಎಂದರು.

ನಿಮ್ಮ ಮೇಲೆ ನನಗಿರುವ ಗೌರವ ಒಂದು ಎಳೆಯಷ್ಟೂ ಕಡಿಮೆಯಾಗಿಲ್ಲ. ದಯವಿಟ್ಟು ಮೊದಲಿನ ಹಾಗೆ ಬರೆಯಿರಿ. ಬೈದರೂ ಪರವಾಗಿಲ್ಲ.

ನಿಮ್ಮ ಸೊಸೆ

*

ಜುಲೈ ೧೦

ತಂಗಿಗೆ ನಮಸ್ಕಾರ. ಬರೆಯುತ್ತಿರುವವನು ಟೈಲರ್ ಮಾಸ್ಟರ್. ನಿಮ್ಮ ಅತ್ತೆಯವರು ನನ್ನ ಅಂಗಡಿಯಲ್ಲಿ, ಕಟಿಂಗ್ ಟೇಬಲ್ಲಿನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಾರೆ. ಕೆಲಸದವರನ್ನೆಲ್ಲ ಟೀ ಕುಡಿಯಲು ಕಳಿಸಿದ್ದೇನೆ. ಇದು ನಾಳೆಯೇ ಕೊರಿಯರಿನಲ್ಲಿ ಹೊರಡುತ್ತದೆ. ಇನ್ನು ಮುಂದಿನದು ಅವರ ಮಾತು.

ಸೊಸೇ, ನಿನ್ನ ಮೂರು ಹಾಳೆ ಕಾಗದದಲ್ಲಿ ನನಗೆ ಮುಟ್ಟಿದ್ದು ಒಂದೇ ಹಾಳೆ. ಪಿಟೀಲು ಅಷ್ಟೇ ಓದಿದಳು.

ನನಗೆ ಅಕ್ಷರ ಬರಲ್ಲ, ಹಾಳೆ ಎಣಿಸೋಕೆ ಬರುತ್ತೆ. ಪೋಸ್ಟಿನವನು ಕೊಟ್ಟಾಗ ಲಕೋಟೆ ದಪ್ಪಗಿತ್ತು. ಓದಿದ್ದು ನಾಲ್ಕು ಕಾಜಾ ಹೊಲಿಯೋ ಹೊತ್ತು. ಆದ್ರೂ ನಾನು ಸುಮ್ಮನಿದ್ದೆ, ದೊಡ್ಡ ಅಕ್ಷರ ಬರೆದಿರಬೇಕು ಅಂದ್ಕೊಂಡೆ. ಮೊನ್ನೆ ಇನ್ನೊಂದು ಕಾಗದ ಬಂತಲ್ಲ, ಆಗ ಗೊತ್ತಾಯ್ತು. ಯಾವಾಗ್ಲೂ ಅವಳು ಬೆರಳನ್ನ ಸಾಲಿನ ಮೇಲೆ ಓಡಿಸ್ತಾ ಓದ್ತಾಳೆ. ಆವತ್ತು ಬೆರಳು ಒಂದೇ ಕಡೆ ನಿಂತಿತ್ತು, ಬಾಯಿ ಮಾತ್ರ ಓಡ್ತಿತ್ತು. "ಅಮ್ಮ ಚೆನ್ನಾಗಿದಾಳಂತೆ, ಬಸ್ಸು ಬರುತ್ತಂತೆ, ಕಿಟಕಿ ಇದೆಯಂತೆ." ಯಾವ ತಾಯಿ ಕಿಟಕಿ ಇದೆ ಅಂತ ಕಾಗದ ಬರೀತಾಳೆ?

ಅವಳು ಶಾಲೆಗೆ ಹೋದ ಮೇಲೆ ನಿನ್ನ ಕಾಗದದ ಡಬ್ಬ ತೆಗೆದೆ. ಎಲ್ಲ ಹಾಳೆ ಅಲ್ಲೇ ಇದ್ವು. ನೀಲಿ ಸೀಲಿನದೂ ಇತ್ತು. ಹರಿದು ಹಾಕೋಕೆ ಅವಳಿಗೆ ಕೈ ಬಂದಿಲ್ಲ ನೋಡು, ಅದಕ್ಕೇ ನನಗೆ ಸಿಟ್ಟು ಬರಲಿಲ್ಲ. ಡಬ್ಬ ಎತ್ತಿಕೊಂಡು ಮಾಸ್ಟರ ಹತ್ರ ಬಂದೆ. ಅವರು ಎರಡು ಕಾಗದಾನೂ ಓದಿದರು.

(ತಂಗೀ, ಇಲ್ಲಿ ಅವರು ನಿಮ್ಮ ಹಾಳೆಗಳನ್ನು ಒಂದೊಂದಾಗಿ ಅಂಚು ಕೂಡಿಸಿ ಜೋಡಿಸಿದರು. ನಾನು ಕತ್ತರಿಗೆ ಎಣ್ಣೆ ಹಾಕುತ್ತಾ ಕೂತೆ.)

ಏನು ಬರೀತಿದೀರಿ ಮಾಸ್ಟರೇ, ನಾನು ಹೇಳದೇ ಇರೋದನ್ನ? ಬರೀರಿ, ಬರೀರಿ. ನೀವೂ ಆ ಹುಡುಗಿ ಚಾಳಿ ಕಲಿತ್ರಾ?

ಸೊಸೇ, ನನಗೆ ಅವಳನ್ನ ಕಳಿಸೋಕೆ ಇಷ್ಟ ಇಲ್ಲ. ಅದನ್ನೂ ಬರೀರಿ, ಸುಳ್ಳು ಯಾಕೆ. ರಾತ್ರಿ ಅವಳ ಕಾಲು ನನ್ನ ಹೊಟ್ಟೆ ಮೇಲೆ ಇದ್ರೇನೇ ನನಗೆ ನಿದ್ದೆ. ಆದ್ರೆ ಇಷ್ಟ ಇಲ್ಲ ಅನ್ನೋದು ಬೇರೆ, ಕಳಿಸಲ್ಲ ಅನ್ನೋದು ಬೇರೆ. ಇಲ್ಲಿ ಅವಳು ಎಂಬತ್ನಾಲ್ಕರಲ್ಲಿ ಒಬ್ಬಳು. ನಾಳೆ ಹೋಗದಿದ್ರೆ ಟೀಚರಿಗೆ ಗೊತ್ತೂ ಆಗಲ್ಲ. ಅಲ್ಲಿ ಅವಳೊಬ್ಬಳು ಇಲ್ಲ ಅಂದ್ರೆ ಶಾಲೆಗೇ ಬೀಗ ಬೀಳುತ್ತೆ. ಒಂದು ಮಗು ಎಲ್ಲಿರಬೇಕು ಅಂತ ಇದಕ್ಕಿಂತ ಬಿಡಿಸಿ ಹೇಳೋಕೆ ಆಗುತ್ತಾ? ಎಲ್ಲದಕ್ಕಿಂತ ಹೆಚ್ಚಾಗಿ, ಅಲ್ಲಿ ನೀನಿದೀಯ.

ನಾನು ಒಂಟಿ ಆಗ್ತೀನಿ ಅಂತ ಕೊರಗಬೇಡ. ಹತ್ತು ಜನ ಉಳೀತಾರೆ, ಒಂಟಿಯಾಗಿ ಕೂರೋಕೆ ಇಲ್ಲಿ ಮೂಲೆ ಎಲ್ಲಿದೆ? ನನ್ನನ್ನೂ ಕರೆಸಿಕೊಳ್ತೀನಿ ಅನ್ನಬೇಡ. ಆ ಊರಲ್ಲಿ ಮುದುಕಿಯರಿಗೇನು ಬರ ಬಂದಿದೆಯಾ?

ಆದ್ರೆ ಹೆಬ್ಬೆಟ್ಟು ಈಗ ಒತ್ತಲ್ಲ. ಅವಳ ಬೆನ್ನ ಹಿಂದೆ ಒತ್ತಿದ್ರೆ, ಅವಳು ನನ್ನ ಬೆನ್ನ ಹಿಂದೆ ಮಾಡಿದ್ದನ್ನೇ ನಾನೂ ಮಾಡಿದ ಹಾಗೆ. ಆ ಎರಡು ಹಾಳೆ ಅವಳ ಬಾಯಲ್ಲೇ ನನಗೆ ಕೇಳಬೇಕು. ಅಲ್ಲೀವರೆಗೆ ತಡಕೋ. ಟೀಚರಿಗೆ ಇಲ್ಲ ಅಂತ ಹೇಳಿಬಿಡಬೇಡ.

ನಿನ್ನ ಅತ್ತೆ

(ಕೈಬರಹ ನನ್ನದು, ಕೆಟ್ಟದಾಗಿದ್ದರೆ ಕ್ಷಮಿಸಿ. ಅಳತೆ ಬರೆಯುವುದು ಬಿಟ್ಟು ಬೇರೇನೂ ಬರೆದು ಅಭ್ಯಾಸವಿಲ್ಲ. — ಟೈಲರ್ ಮಾಸ್ಟರ್)

*

ಜುಲೈ ೧೪

ಅಮ್ಮ,

ಇದು ಪೂರ್ತಿ ನನ್ನದೇ ಪತ್ರ. ಅದಕ್ಕೆ ಬ್ರಾಕೆಟ್ ಹಾಕಿಲ್ಲ.

ಮೊನ್ನೆ ಶಾಲೆಯಿಂದ ಬಂದಾಗ ಅಜ್ಜಿ ಮನೆಯವರನ್ನೆಲ್ಲ ಮಹಡಿ ಮೇಲೆ ಕಳಿಸಿದ್ದರು. ಚಿಕ್ಕಮ್ಮ ಮಗುವನ್ನೂ ಎತ್ತಿಕೊಂಡು ಹೋಗಿದ್ದರು. ನಮ್ಮ ಮನೆ ಅಷ್ಟು ಖಾಲಿ ಇದ್ದದ್ದನ್ನು ನಾನು ಯಾವತ್ತೂ ನೋಡಿಲ್ಲ. ನೆಲದ ಮೇಲೆ ನಿನ್ನ ಹಾಳೆಗಳನ್ನು ಸಾಲಾಗಿ ಇಟ್ಟಿದ್ದರು.

"ಓದು" ಅಂದರು.

ನಾನು ಮೊದಲನೆಯ ಹಾಳೆ ಓದಿದೆ.

"ಮುಂದೆ."

"ಅಷ್ಟೇ ಅಜ್ಜಿ."

"ಹಾಳೆ ಇನ್ನೂ ಇದಾವಲ್ಲ. ಅವೇನು ಅಂಗಡಿ ಪಟ್ಟಿಯಾ?"

ನಾನು ಅತ್ತುಬಿಟ್ಟೆ. ಅಜ್ಜಿ ಸುಮ್ಮನಿರು ಅನ್ನಲಿಲ್ಲ, ಬೈಯಲೂ ಇಲ್ಲ. ಕೈಯಲ್ಲಿದ್ದ ಕಾಜಾ ಮುಗಿಸಿದರು, ದಾರ ಹಲ್ಲಲ್ಲಿ ಕಡಿದರು. ಆಮೇಲೆ "ಅತ್ತಾಯ್ತಾ? ಈಗ ಓದು" ಅಂದರು. ನಾನು ಎರಡೂ ಹಾಳೆ ಓದಿದೆ. ಆಮೇಲೆ ಬಂದ ಪತ್ರಾನೂ ಓದಿದೆ. ನೀನು ಜಡೆ ಬಗ್ಗೆ ಬರೆದದ್ದನ್ನು ಬೇಗ ಬೇಗ ಓದಿಬಿಟ್ಟೆ. ಅಜ್ಜಿ "ಅಲ್ಲಿ ಇನ್ನೊಂದು ಸಲ ಓದು" ಅಂದರು.

ಯಾಕೆ ಹೀಗೆ ಮಾಡಿದೆ ಅಂತ ಕೇಳಿದರು. ನಾನು ಹೋದರೆ ಸೂಜಿಗೆ ಯಾರು ದಾರ ಹಾಕುತ್ತಾರೆ ಅಂದೆ. ಅಜ್ಜಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಸೂಜಿಗೆ ದಾರ ಹಾಕೋಕೆ ಬೇಕು ಅಂತ ನಿನ್ನ ಇಲ್ಲಿ ಇಟ್ಕೊಂಡ್ರೆ ನಾನು ನಿನ್ನ ಅಜ್ಜಿ ಅಲ್ಲ ಕಣೇ, ನಿನ್ನ ಮಾಲೀಕಳು."

ಚಿಕ್ಕಪ್ಪನ ಎರಡನೆಯವಳಿಗೆ ಈಗ ದಾರ ಹಾಕೋದು ಕಲಿಸುತ್ತಿದ್ದೇನೆ. ಅವಳಿಗೆ ತಾಳ್ಮೆ ಇಲ್ಲ, ದಾರವನ್ನು ಸುಮ್ಮನೆ ನೆಕ್ಕುತ್ತಾಳೆ. ನಿನ್ನೆ ಹನ್ನೊಂದು ಹಾಕಿದಳು. ಅದರಲ್ಲಿ ಬಿಳಿ ಸಾಲಿನಲ್ಲಿ ಕಪ್ಪು ಸೇರಿಸಿದ್ದಳು. ಅಜ್ಜಿ ಬಿಳಿ ಅಂಗಿಗೆ ಒಂದು ಕಪ್ಪು ಕಾಜಾ ಹೊಲಿದುಬಿಟ್ಟರು. ಟೈಲರ್ ಮಾಮ ಅದನ್ನು ಬಿಚ್ಚಲಿಲ್ಲ, ಅಂಗಡಿಯಲ್ಲಿ ನೇತುಹಾಕಿದ್ದಾರೆ. ಇದು ಹೊಸ ಫ್ಯಾಷನ್ ಅಂತ ಎಲ್ಲರಿಗೂ ಹೇಳುತ್ತಾರೆ.

ಅಜ್ಜಿ ಇವತ್ತು ಹೆಬ್ಬೆಟ್ಟು ಒತ್ತಿದರು. ಮೊದಲ ಸಲ ಸರಿಯಾಗಿ ಬರಲಿಲ್ಲ. ಸೂಜಿ ಒತ್ತಿ ಒತ್ತಿ ಅಜ್ಜಿಯ ಹೆಬ್ಬೆರಳಿನ ಗೆರೆಗಳೇ ಸವೆದಿವೆ. ಬರೀ ನೀಲಿ ಮಚ್ಚೆ ಬಂತು. ಆಮೇಲೆ ಎಡಗೈಯದು ಒತ್ತಿದರು. ಅದರಲ್ಲಿ ಗೆರೆ ಚೆನ್ನಾಗಿದೆ, ನೋಡು. ಎಡಗೈ ನಡೆಯುತ್ತದೆ ತಾನೇ? ಕೊರಿಯರಿನವರು ಹತ್ತು ದಿನದಲ್ಲಿ ಮುಟ್ಟುತ್ತದೆ ಅಂದಿದ್ದಾರೆ.

ಅಮ್ಮ, ನಾನು ಬರುತ್ತೇನೆ. ಆದರೆ ಪೂರ್ತಿ ಖುಷಿಯಿಂದ ಅಲ್ಲ, ಅರ್ಧ ಖುಷಿಯಿಂದ. ಉಳಿದ ಅರ್ಧಕ್ಕೆ ನೀನು ಬೇಜಾರು ಮಾಡಿಕೊಳ್ಳಬೇಡ. ಆ ಶಾಲೆಯಲ್ಲಿ ಒಂದು ಬೆಂಚಿನಲ್ಲಿ ಒಬ್ಬಳೇ ಕೂರಬೇಕಾ? ನನಗೆ ಹಾಗೆ ಕೂತು ಗೊತ್ತಿಲ್ಲ.

ಸುಳ್ಳು ಓದಿದ್ದಕ್ಕೆ ಕ್ಷಮಿಸು.

ನಿನ್ನ ಮಗಳು
ಪಿಟೀಲು

*

ಸೆಪ್ಟೆಂಬರ್ ೧೨

ಪ್ರೀತಿಯ ಅತ್ತೆಯವರಿಗೆ,

ನಮಸ್ಕಾರ. ಮಾಸ್ಟರಿಗೂ ನಮಸ್ಕಾರ. ಮಾಸ್ಟರೇ, ಈ ಪತ್ರವನ್ನು ಅತ್ತೆಗೆ ನೀವೇ ಓದಿ ಹೇಳುತ್ತಿದ್ದೀರಿ ಎಂದು ಗೊತ್ತು. ನಾನು ನಿಮ್ಮಿಂದ ಮುಚ್ಚಿಡುವಂಥದ್ದೇನೂ ಇದರಲ್ಲಿಲ್ಲ.

ಅತ್ತೆ, ನಿಮ್ಮ ಮೊಮ್ಮಗಳು ಕ್ಷೇಮವಾಗಿ ಬಂದಳು. ಎಡಗೈಯ ಗುರುತು ನಡೆಯಿತು. ಹತ್ತನೆಯ ಹೆಸರನ್ನು ಪಟ್ಟಿಯಲ್ಲಿ ಬರೆದ ದಿನ ಟೀಚರು ಆಶ್ರಮಕ್ಕೆ ಬಂದು ಪೇಪರ್ ಓದುವುದನ್ನೇ ಮರೆತು, ಹಿರಿಯರ ನಡುವೆ ಸುಮ್ಮನೆ ಕೂತಿದ್ದರು. ಶಾಲೆಯ ಮೊದಲ ದಿನ ಗಡಿಯಾರದಜ್ಜ ಗಾಲಿಕುರ್ಚಿಯಲ್ಲಿ ಗೇಟಿನವರೆಗೂ ಬಂದರು. ಅವಳನ್ನು ಮೇಲಿಂದ ಕೆಳಗೆ ನೋಡಿ, "ಇದಾ ಪಿಟೀಲು? ಸೈಜು ಚಿಕ್ಕದು" ಎಂದರು. "ನಾನು ಇನ್ನೂ ಬೆಳೀತೀನಿ ಅಜ್ಜ. ನೀವು?" ಎಂದಳು. ಇದು ಯಾರಿಂದ ಬಂದ ನಾಲಿಗೆ ಎಂದು ನನಗೆ ಚೆನ್ನಾಗಿ ಗೊತ್ತು. ಬೆಂಚಿನ ಚಿಂತೆಯೂ ಮುಗಿಯಿತು. ಡ್ರೈವರಿನ ಮಗಳು ತನ್ನ ಬೆಂಚು ಬಿಟ್ಟು ಬಂದು ಇವಳ ಪಕ್ಕ ಒತ್ತಿಕೊಂಡು ಕೂರುತ್ತಾಳೆ.

ಇನ್ನು ಮುಂದಿನ ಮಾತು. ಇಷ್ಟು ದಿನ ನಿಮಗೆ ಬರೆಯುವ ಪ್ರತಿಯೊಂದು ಮಾತೂ ಅವಳ ಬಾಯಿಂದಲೇ ನಿಮಗೆ ಮುಟ್ಟಬೇಕಿತ್ತು. ಹಾಗಾಗಿ ಕೆಲವನ್ನು ಬರೆಯಲಿಲ್ಲ. ಈಗ ಬರೆಯಬಹುದು.

ಅವಳು ಬಂದು ಒಂದು ವಾರವಾಗಿತ್ತು. ಸಂಜೆ ಊಟಕ್ಕೆ ಕೂತಿದ್ದೆವು. ಇದ್ದಕ್ಕಿದ್ದ ಹಾಗೆ ಅವಳು, "ಅಮ್ಮ, ನೀನು ಹೋದಾಗ ನಾನು ಎರಡು ತಿಂಗಳು ಅಜ್ಜಿ ಜೊತೆ ಮಾತಾಡಿರಲಿಲ್ಲ, ಗೊತ್ತಾ?" ಎಂದಳು.

ಯಾಕೆ ಎಂದು ಕೇಳಿದೆ.

"ನಿನ್ನ ಓಡಿಸಿದ್ದು ಅಜ್ಜಿನೇ ಅಲ್ವಾ. ಅಮ್ಮ ಎಲ್ಲಿ ಅಂತ ಅತ್ತರೆ, 'ನಾನೇ ಕಳಿಸಿದೆ, ಅವಳು ಹೋಗಲ್ಲ ಅಂದಳು, ನಾನೇ ಬಲವಂತ ಮಾಡಿ ಕಳಿಸಿದೆ' ಅಂತಿದ್ರು. ನಂಗೆ ಅಜ್ಜಿ ಮುಖ ನೋಡಿದ್ರೇ ಆಗ್ತಿರಲಿಲ್ಲ. ತಟ್ಟೆ ತಳ್ತಿದ್ದೆ. ಒಂದು ಸಲ ಸೂಜಿ ದಿಂಬು ಬಿಸಾಡಿದ್ದೆ. ಆದ್ರೂ ಅಜ್ಜಿ ಬೈತಿರಲಿಲ್ಲ."

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

ಅತ್ತೆ, ನಿಮಗೂ ಗೊತ್ತು, ನನಗೂ ಗೊತ್ತು. ನನ್ನನ್ನು ಯಾರೂ ಬಲವಂತ ಮಾಡಿರಲಿಲ್ಲ. ಪಿಟೀಲಿನ ಅಪ್ಪ ತೀರಿಹೋಗಿ ಆಗ ಮೂರು ವರ್ಷವಾಗಿತ್ತು. ನಾನೇ ಅರ್ಜಿ ಹಾಕಿದೆ, ನಾನೇ ಹೋಗುತ್ತೇನೆ ಎಂದು ತೀರ್ಮಾನ ಮಾಡಿದೆ. ಹೊರಡಲು ಒಂದು ವಾರ ಇರುವಾಗ ನಿಮಗೆ ಹೇಳಿದೆ. ನೀವು "ಚಳಿಗೆ ಬಟ್ಟೆ ಇದೆಯಾ?" ಎಂದಿರಿ. ಅಷ್ಟೇ. ಹೊರಡುವ ಬೆಳಿಗ್ಗೆ ನಾನು ಮಗಳನ್ನು ಎಬ್ಬಿಸಲಿಲ್ಲ. ಎಬ್ಬಿಸಿದರೆ ಹೋಗಲಾಗುವುದಿಲ್ಲ ಎಂದು ಹೆದರಿದೆ. ಅವಳು ಎದ್ದಾಗ ಏನು ಹೇಳುತ್ತೀರಿ ಎಂದು ನಿಮ್ಮನ್ನು ಕೇಳಲೂ ಇಲ್ಲ. ಆ ಕೆಲಸವನ್ನು ನಿಮಗೆ ಬಿಟ್ಟು ಹೊರಟೆ. ನೀವು ಅವಳಿಗೆ ಏನು ಹೇಳಿದಿರಿ ಎಂದು ಈ ಎರಡು ವರ್ಷದಲ್ಲಿ ಒಂದು ಪತ್ರದಲ್ಲೂ ತಿಳಿಸಲಿಲ್ಲ.

ಏಳು ವರ್ಷದ ಮಗುವಿಗೆ ಯಾರ ಮೇಲಾದರೂ ಸಿಟ್ಟು ಬರಲೇಬೇಕಿತ್ತು. ಆ ಸಿಟ್ಟು ನನ್ನ ಮೇಲೆ ಬರಬೇಕಿತ್ತು. ನೀವು ಅದನ್ನು ನಿಮ್ಮ ಕಡೆ ತಿರುಗಿಸಿಕೊಂಡಿರಿ. ಅದಕ್ಕೇ ಅವಳು ನನಗೆ ಪ್ರೀತಿಯಿಂದ ಪತ್ರ ಬರೆಯುತ್ತಿದ್ದಳು. ಅದಕ್ಕೇ ನಾನು ಇಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ನಾನು ಅವಳಿಗೆ ನಿಜ ಹೇಳಿದೆ. "ಅಜ್ಜಿ ನನ್ನ ಓಡಿಸಲಿಲ್ಲ. ನಾನೇ ಹೋದೆ. ನಿನ್ನ ಎಬ್ಬಿಸದೆ ಹೋದೆ" ಎಂದೆ. ಅವಳು ಎದ್ದು ಕೈ ತೊಳೆದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಜಡೆ ಹಾಕಲು ಕರೆದರೆ ಬರಲಿಲ್ಲ, ತಾನೇ ಸೊಟ್ಟಸೊಟ್ಟಗೆ ಹಾಕಿಕೊಂಡು ಶಾಲೆಗೆ ಹೋದಳು. ನಾನು ಇಟ್ಟಿದ್ದ ಲೋಟವನ್ನು ಮುಟ್ಟದೆ, ಬೇರೆ ಲೋಟ ತೆಗೆದುಕೊಂಡು ನೀರು ಕುಡಿದಳು.

ಮೂರನೆಯ ದಿನ ಬೆಳಿಗ್ಗೆ ಬಾಚಣಿಗೆ ತಂದು ನನ್ನ ಮುಂದೆ ಬೆನ್ನು ಹಾಕಿ ಕೂತಳು. ಮುಖ ತೋರಿಸಲಿಲ್ಲ. ನಾನು ಕೂದಲು ಬಿಡಿಸುತ್ತಿದ್ದಾಗ, "ಎಬ್ಬಿಸಬೇಕಿತ್ತು ನೀನು" ಎಂದಳು.

"ಹೌದು, ಎಬ್ಬಿಸಬೇಕಿತ್ತು" ಎಂದೆ.

"ಜೋರಾಗಿ ಎಳೀಬೇಡ, ನೋಯುತ್ತೆ."

ಇನ್ನೂ ಪೂರ್ತಿ ಸಿಟ್ಟು ಇಳಿದಿಲ್ಲ. ನಿನ್ನೆ ಅಡುಗೆಗೆ ಉಪ್ಪು ಕಡಿಮೆ ಎಂದು ಜಗಳ ತೆಗೆದಳು. ಇವತ್ತು ಕಾಲುಚೀಲ ಒಗೆದಿಲ್ಲ ಎಂದು ತೆಗೆದಳು. ಅದು ಉಪ್ಪಿನ ಜಗಳವೂ ಅಲ್ಲ, ಕಾಲುಚೀಲದ್ದೂ ಅಲ್ಲ ಎಂದು ನಮ್ಮಿಬ್ಬರಿಗೂ ಗೊತ್ತು. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ನಿಮಗೆ ಇದು ವಿಚಿತ್ರ ಅನ್ನಿಸಬಹುದು ಅತ್ತೆ, ಅವಳು ಹಾಗೆ ಬಾಗಿಲು ಬಡಿದುಕೊಂಡು ಶಾಲೆಗೆ ಹೋಗುವಾಗ ನನ್ನ ಎದೆ ತುಂಬಿ ಬರುತ್ತದೆ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನ ಮಗಳು ನನ್ನ ಮನೆಯಲ್ಲೇ ಇದ್ದಾಳೆ. ನನ್ನ ಪಾಲಿನ ಸಿಟ್ಟನ್ನು ಎರಡು ವರ್ಷ ನೀವು ಹೊತ್ತುಕೊಂಡಿದ್ದಿರಿ. ಈಗ ಅದು ನನ್ನ ಹತ್ತಿರ ಬಂದಿದೆ. ನೀವು ಹಗುರವಾಗಿ ಕೂತುಕೊಳ್ಳಿ.

ನಿಮ್ಮ ಸೊಸೆ